ತಲೆಯಲ್ಲಿ ಇಡಬೇಕಾದದ್ದು, ಕಾಗದದಲ್ಲಿ ಇಡಬೇಕಾದದ್ದು



ಮುಂದೆ ಓದುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮೊಬೈಲನ್ನು ದಿಂಬಿನ ಕೆಳಗಿಡಿ. ಈಗ ಊರಿನಲ್ಲಿರುವ ಹೆಂಡತಿಯ ಅಥವಾ ತಾಯಿಯ ನಂಬರನ್ನು ನೋಡದೆ ಹೇಳಿ. ಇಲ್ಲಿರುವ ಒಬ್ಬ ಆಪ್ತ ಗೆಳೆಯನ ನಂಬರ್ ಹೇಳಿ. ನಿಮ್ಮ ಎಮಿರೇಟ್ಸ್ ಐಡಿ ಸಂಖ್ಯೆ ಹೇಳಿ. ಮೂರನ್ನೂ ತಡವರಿಸದೆ ಹೇಳಿದ್ದರೆ ಈ ಲೇಖನದ ಅರ್ಧ ಭಾಗ ನಿಮಗೆ ಬೇಕಾಗಿಲ್ಲ. ಹೇಳಲಾಗದಿದ್ದರೆ ಬೇಸರ ಬೇಡ, ಹೆಚ್ಚಿನವರ ಸ್ಥಿತಿ ಅದೇ.

ಇದು ತಮಾಷೆಯ ವಿಷಯವಲ್ಲ. ಮೊಬೈಲ್ ಸೈಟಿನಲ್ಲಿ ಬಿದ್ದು ಒಡೆಯುತ್ತದೆ, ಬಸ್ಸಿನಲ್ಲಿ ಉಳಿದುಹೋಗುತ್ತದೆ, ಬೇಸಿಗೆಯಲ್ಲಿ ಬಿಸಿಯಾಗಿ ತಾನಾಗಿ ಆಫ್ ಆಗುತ್ತದೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ ಪಕ್ಕದವರು ತಮ್ಮ ಫೋನ್ ಕೊಟ್ಟು "ಮನೆಗೆ ಮಾತಾಡಿ" ಎಂದರೆ ನಂಬರ್ ತಲೆಯಲ್ಲಿರಬೇಕು. ನಮ್ಮ ನೆನಪನ್ನೆಲ್ಲ ಒಂದು ಪೆಟ್ಟಿಗೆಗೆ ಹಾಕಿ, ಆ ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದೇವೆ. ಹಾಗಾಗಿ ತಲೆಯಲ್ಲಿ ಏನನ್ನು ಇಡಬೇಕು, ಅದನ್ನು ಹೇಗೆ ಇಡಬೇಕು, ಯಾವುದನ್ನು ಮಾತ್ರ ಎಂದಿಗೂ ತಲೆಗೆ ಬಿಡಬಾರದು ಎಂಬುದನ್ನು ಈ ರಮಝಾನಿನಲ್ಲಿ ಸ್ವಲ್ಪ ಯೋಚಿಸೋಣ.

ಹಾಫಿಝ್ ಹೇಗೆ ನೆನಪಿಡುತ್ತಾರೆ?

ತರಾವೀಹ್‌ನಲ್ಲಿ ಇಮಾಮರ ಹಿಂದೆ ನಿಂತಾಗ ನಾವೆಲ್ಲ ಒಮ್ಮೆಯಾದರೂ ಬೆರಗಾಗಿದ್ದೇವೆ. ಇಷ್ಟು ದೊಡ್ಡ ಗ್ರಂಥ ಒಬ್ಬ ಮನುಷ್ಯನ ಎದೆಯಲ್ಲಿ ಹೇಗೆ ನಿಂತಿತು? ಇದು ಅಲ್ಲಾಹನ ಅನುಗ್ರಹ. ಅದರ ಜೊತೆಗೆ ಒಂದು ಕ್ರಮವೂ ಇದೆ, ಆ ಕ್ರಮ ನಮಗೂ ಪಾಠ.

ಇಲ್ಲಿನ ಮಸೀದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮದೀನಾ ಮುಸ್‌ಹಫ್‌ನಲ್ಲಿ 604 ಪುಟಗಳಿವೆ. ಆರಂಭದ ಎರಡು ಪುಟ ಬಿಟ್ಟರೆ ಪುಟಕ್ಕೆ 15 ಸಾಲು. ಪ್ರತಿ ಪುಟವೂ ಒಂದು ಆಯತ್ ಪೂರ್ಣವಾಗುವಲ್ಲಿಗೇ ಮುಗಿಯುತ್ತದೆ. ಸುಮಾರು 20 ಪುಟಕ್ಕೆ ಒಂದು ಜುಝ್. ಹಿಫ್ಝ್ ಕಲಿಯುವ ಮಕ್ಕಳಿಗೆ ಉಸ್ತಾದರು ಮೊದಲೇ ಹೇಳುವ ಮಾತೊಂದಿದೆ: ಕೊನೆಯವರೆಗೂ ಒಂದೇ ಮುದ್ರಣದಲ್ಲಿ ಓದಬೇಕು, ನಡುವೆ ಬದಲಿಸಬಾರದು. ಯಾಕೆಂದರೆ ನಾಲಗೆ ಪದಗಳನ್ನು ಕಲಿಯುವಾಗ ಕಣ್ಣು ಜಾಗವನ್ನು ಕಲಿಯುತ್ತಿರುತ್ತದೆ. ಈ ಆಯತ್ ಬಲಪುಟದ ಮೇಲ್ಭಾಗದಲ್ಲಿ, ಆ ಆಯತ್ ಎಡಪುಟದ ಕೊನೆಯ ಸಾಲಿನಲ್ಲಿ. ನಮ್ಮೂರಿನ ಕಡೆ ಸಿಗುವ 13 ಅಥವಾ 16 ಸಾಲಿನ ಮುದ್ರಣದಲ್ಲಿ ಕಲಿತವರು ಬೇರೆ ಮುದ್ರಣ ಹಿಡಿದಾಗ ತಡವರಿಸುವುದು ಇದೇ ಕಾರಣಕ್ಕೆ. ಪದ ಅದೇ ಇದೆ, ಅದರ ವಿಳಾಸ ಬದಲಾಗಿದೆ.

ಎರಡನೆಯದು ಮರುಓದು. ಸಬಕ್, ಸಬ್ಕೀ, ಮಂಝಿಲ್ ಎಂದು ದಿನದ ಓದು ಮೂರು ಪಾಲಾಗುತ್ತದೆ: ಇಂದಿನ ಹೊಸ ಪಾಠ, ಇತ್ತೀಚಿನ ಪಾಠಗಳು, ಹಳೆಯ ಪಾಠಗಳು. ಹೊಸದನ್ನು ಸೇರಿಸುವುದಕ್ಕಿಂತ ಹಳೆಯದನ್ನು ಕಾಯುವುದಕ್ಕೆ ಹೆಚ್ಚು ಸಮಯ ಬೇಕು. ಮೂರನೆಯದು, ಇಮಾಮರ ಹಿಂದೆ ತಿದ್ದುವ ಒಬ್ಬರಿರುತ್ತಾರೆ. ಎಷ್ಟೇ ಗಟ್ಟಿ ಹಾಫಿಝ್ ಆದರೂ ತಾನು ಮರೆಯುವುದೇ ಇಲ್ಲ ಎಂದು ನಿಲ್ಲುವುದಿಲ್ಲ.

ನಾವು ಹಾಫಿಝ್ ಅಲ್ಲದಿದ್ದರೂ ಮದ್ರಸದಲ್ಲಿ ಇಂಥ ಉಪಾಯಗಳನ್ನು ಕಲಿತಿದ್ದೇವೆ. ತಜ್ವೀದ್ ಪಾಠದ "ಕುತ್ಬು ಜದ್" ನೆನಪಿದೆಯೇ? ಕಾಫ್, ತಾ, ಬಾ, ಜೀಮ್, ದಾಲ್ ಎಂಬ ಕಲ್ಕಲದ ಐದು ಅಕ್ಷರಗಳು ಬಿಡಿಬಿಡಿಯಾಗಿದ್ದರೆ ಎಂದೋ ಉದುರಿಹೋಗುತ್ತಿದ್ದವು. ಒಂದು ಮಾತಾಗಿ ಕಟ್ಟಿಕೊಟ್ಟಿದ್ದರಿಂದ ಮದ್ರಸ ಬಿಟ್ಟು ಎಷ್ಟೋ ವರ್ಷಗಳಾದರೂ ನಾಲಗೆಯ ಮೇಲೆ ಉಳಿದಿವೆ. ಇದ್ಗಾಮಿನ ಆರು ಅಕ್ಷರಕ್ಕೆ "ಯರ್ಮಲೂನ್" ಇದ್ದ ಹಾಗೆ.

ಕುಸಿದ ಮನೆಯ ಕಥೆ

ಜಾಗಕ್ಕೂ ನೆನಪಿಗೂ ಇರುವ ಈ ನಂಟನ್ನು ಗ್ರೀಕರೂ ಕಂಡುಕೊಂಡಿದ್ದರು. ರೋಮಿನ ಸಿಸೆರೊ ಕ್ರಿ.ಪೂ. 55ರಲ್ಲಿ ಬರೆದ ಪುಸ್ತಕವೊಂದರಲ್ಲಿ ಸೈಮೊನಿಡೀಸ್ ಎಂಬ ಗ್ರೀಕ್ ಕವಿಯ ಕಥೆ ಇದೆ. ಔತಣಕೂಟವೊಂದರ ನಡುವೆ ಯಾರೋ ಕರೆದರೆಂದು ಆತ ಹೊರಗೆ ಬಂದ. ಅಷ್ಟರಲ್ಲಿ ಚಾವಣಿ ಕುಸಿದು ಒಳಗಿದ್ದವರೆಲ್ಲ ಸತ್ತರು. ಗುರುತು ಸಿಗದಷ್ಟು ಜಜ್ಜಿಹೋದ ದೇಹಗಳು. ಯಾರು ಎಲ್ಲಿ ಕುಳಿತಿದ್ದರು ಎಂದು ನೆನಪಿಸಿಕೊಂಡು ಆತ ಒಬ್ಬೊಬ್ಬರ ಹೆಸರನ್ನೂ ಹೇಳಿದ, ಬಂಧುಗಳು ತಮ್ಮವರನ್ನು ದಫನ ಮಾಡಿದರು. ಕಥೆ ನಿಜವೋ ಅಲ್ಲವೋ, ಅದರಿಂದ ಹೊರಟ ವಿದ್ಯೆ ನಿಜ. ಗೊತ್ತಿರುವ ಮನೆಯೊಂದನ್ನು ಮನಸ್ಸಿನಲ್ಲಿ ನಡೆಯುತ್ತಾ, ಒಂದೊಂದು ಜಾಗದಲ್ಲಿ ಒಂದೊಂದು ವಿಷಯವನ್ನು ಇಡುವುದು. ಇದಕ್ಕೆ ನೆನಪಿನ ಅರಮನೆ ಎಂದು ಹೆಸರು.

ನಮ್ಮ ಕರ್ನಾಟಕದಲ್ಲೂ ನೆನಪಿನ ದೊಡ್ಡ ಪರಂಪರೆಯಿದೆ. ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ಕೆಲವರು ನೋಡಿರಬಹುದು. ಹಲವು ಪೃಚ್ಛಕರು ಸರದಿಯಂತೆ ಪ್ರಶ್ನೆ ಹಾಕುತ್ತಾರೆ. ಅವಧಾನಿ ಒಬ್ಬೊಬ್ಬರಿಗೂ ಪದ್ಯದ ಒಂದೊಂದೇ ಸಾಲು ಹೇಳುತ್ತಾ ಹೋಗಿ, ಕೊನೆಗೆ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಒಪ್ಪಿಸಬೇಕು. ಕೈಯಲ್ಲಿ ಪೆನ್ನೂ ಇಲ್ಲ, ಹಾಳೆಯೂ ಇಲ್ಲ.

"ಅದೆಲ್ಲ ಪಂಡಿತರಿಗೆ, ನಮಗಲ್ಲ" ಎನ್ನಬೇಡಿ. ಲಂಡನ್ನಿನ ಟ್ಯಾಕ್ಸಿ ಚಾಲಕರು ಲೈಸನ್ಸ್ ಪಡೆಯಲು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡುತ್ತಾರೆ. ಅವರ ಮಿದುಳಿನಲ್ಲಿ ಜಾಗಗಳ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಎಂಬ ಅಂಗದ ಹಿಂಭಾಗ ಇತರರಿಗಿಂತ ದೊಡ್ಡದಾಗಿದೆ ಎಂದು ಎಲಿನರ್ ಮಗ್ವಾಯರ್ ಎಂಬ ವಿಜ್ಞಾನಿಯ ತಂಡ 2000ದಲ್ಲಿ ತೋರಿಸಿತು. 2017ರಲ್ಲಿ ನೆದರ್‌ಲ್ಯಾಂಡ್ಸಿನ ಮಾರ್ಟಿನ್ ಡ್ರೆಸ್ಲರ್ ಅವರ ತಂಡ, ಸಾಮಾನ್ಯ ನೆನಪಿನ ಜನರಿಗೆ ಈ ಅರಮನೆಯ ವಿಧಾನವನ್ನು ದಿನಕ್ಕೆ ಅರ್ಧ ಗಂಟೆಯಂತೆ 40 ದಿನ ಅಭ್ಯಾಸ ಮಾಡಿಸಿತು. ಮೊದಲು 72 ಪದಗಳಲ್ಲಿ ಸರಾಸರಿ 26 ಹೇಳುತ್ತಿದ್ದವರು ಕೊನೆಗೆ 62 ಹೇಳಿದರು. ಅವರಾರೂ ಹುಟ್ಟು ಮೇಧಾವಿಗಳಲ್ಲ, ನಮ್ಮ ನಿಮ್ಮಂಥವರೇ.

ನಿಮ್ಮ ಊರಿನ ಮನೆಯೇ ಅರಮನೆ

ಅರಮನೆಗೆ ಯಾವ ಜಾಗ ಒಳ್ಳೆಯದು? ಇಲ್ಲಿನ ರೂಮು ಬೇಡ. ಕಂಪೆನಿ ಬದಲಾದರೆ ರೂಮು ಬದಲು, ಮಂಚವೂ ಬದಲು. ಕಣ್ಣು ಮುಚ್ಚಿದರೂ ದಾರಿ ತಪ್ಪದ ಜಾಗ ಊರಿನ ಮನೆ. ಅಲ್ಲಿ ಗೇಟಿನಿಂದ ಹೊರಟು ಏಳು ಜಾಗಗಳನ್ನು ಗುರುತು ಮಾಡಿ: ಗೇಟು, ಬಾವಿಕಟ್ಟೆ, ಮೆಟ್ಟಿಲು, ಸಿಟೌಟ್, ಹಾಲ್, ಅಡಿಗೆಮನೆ, ಹಿತ್ತಿಲಿನ ತೆಂಗಿನಮರ. ಯಾವಾಗಲೂ ಇದೇ ಕ್ರಮದಲ್ಲಿ ನಡೆಯಬೇಕು.

ಈಗ ರಜೆಯ ದಿನ ಮಾಡಬೇಕಾದ ಏಳು ಕೆಲಸಗಳಿವೆ ಎಂದುಕೊಳ್ಳಿ: ಎಕ್ಸ್‌ಚೇಂಜಿನಲ್ಲಿ ಹಣ ಕಳಿಸುವುದು, ಬಿಪಿ ಮಾತ್ರೆ, ಹೊಸ ಸೇಫ್ಟಿ ಶೂ, ಇಫ್ತಾರಿಗೆ ಖರ್ಜೂರ, ಪಾಸ್‌ಪೋರ್ಟ್ ಅಳತೆಯ ಫೋಟೋ, ಮಗಳ ಶಾಲೆಯ ಫೀಸಿನ ಮಾತು, ಬಸ್ಸಿನ ಹಾಫಿಲಾತ್ ಕಾರ್ಡ್ ರೀಚಾರ್ಜ್. ಒಂದೊಂದನ್ನು ಒಂದೊಂದು ಜಾಗದಲ್ಲಿ ಇಡಿ. ಸುಮ್ಮನೆ ಇಟ್ಟರೆ ಸಾಲದು, ಮರೆಯಲಾಗದ ಹಾಗೆ ಇಡಬೇಕು.

ಗೇಟಿನ ಬಳಿ ಆಡೊಂದು ದಿರ್ಹಮ್ ನೋಟುಗಳನ್ನು ಮೇಯುತ್ತಿದೆ. ಬಾವಿಯಿಂದ ಕೊಡಪಾನ ಎಳೆದರೆ ನೀರಿಲ್ಲ, ಬರೀ ಬಿಳಿ ಮಾತ್ರೆ. ದೋಣಿಯಷ್ಟು ದೊಡ್ಡ ಶೂ ಮೆಟ್ಟಿಲಿಗೆ ಅಡ್ಡ ಬಿದ್ದಿದೆ. ಸಿಟೌಟಿನ ಕುರ್ಚಿ ಖರ್ಜೂರದ ರಾಶಿಯಲ್ಲಿ ಮುಳುಗಿದೆ. ಹಾಲಿನ ಗೋಡೆಯಷ್ಟು ದೊಡ್ಡ ನಿಮ್ಮ ಫೋಟೋ ಕಣ್ಣು ಮಿಟುಕಿಸುತ್ತಿದೆ. ಅಡಿಗೆಮನೆಯಲ್ಲಿ ಮಗಳು ಒಲೆಯ ಮೇಲೆ ಶಾಲೆಯ ಚೀಲವನ್ನು ಬೇಯಿಸುತ್ತಿದ್ದಾಳೆ. ತೆಂಗಿನಮರದಲ್ಲಿ ಎಳನೀರಿನ ಬದಲು ಬಸ್ ಕಾರ್ಡಿನ ಗೊನೆ ತೂಗುತ್ತಿದೆ.

ನಗು ಬಂತೇ? ಹಾಗಾದರೆ ಸರಿಯಾಗಿ ಇಟ್ಟಿದ್ದೀರಿ. ಪೇಪರ್ ಮುಚ್ಚಿ ಗೇಟಿನಿಂದ ನಡೆದು ನೋಡಿ, ಏಳೂ ಸಿಗುತ್ತವೆ. ಹಿಂದಿನಿಂದ ನಡೆದರೂ ಸಿಗುತ್ತವೆ. ಮುಂದಿನ ವಾರ ಅದೇ ಜಾಗಗಳಲ್ಲಿ ಹೊಸ ಪಟ್ಟಿ ಇಡಬಹುದು, ಹಳೆಯದು ತಾನಾಗಿ ಮಾಸುತ್ತದೆ. ಸದಾ ಬೇಕಾದ ವಿಷಯಗಳಿಗೆ ಬೇರೆ ಜಾಗ ಇಟ್ಟುಕೊಳ್ಳಿ: ಮಾವನ ಮನೆ, ಕಲಿತ ಶಾಲೆ, ಮದ್ರಸ. ಮನೆ ಸಣ್ಣದಾದರೆ ದಾರಿಯೂ ಆಗುತ್ತದೆ. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಿಮ್ಮ ಬಿಲ್ಡಿಂಗಿನಿಂದ ಮಸೀದಿಗೆ ದಿನಾ ಐದು ಸಲ ನಡೆಯುವವರಿಗೆ ಬಕಾಲ, ಲಾಂಡ್ರಿ, ಕೆಫೆಟೇರಿಯಾ, ಫಾರ್ಮಸಿ, ಮಸೀದಿಯ ಚಪ್ಪಲಿ ಕಪಾಟು ಎಲ್ಲವೂ ಸಿದ್ಧ ಜಾಗಗಳೇ.

ಅಂಕೆಗಳನ್ನು ಕಟ್ಟುವ ಬಗೆ

ಮನಸ್ಸು ಒಂದೇ ಸಲಕ್ಕೆ ಸುಮಾರು ಏಳು ಬಿಡಿ ಸಂಗತಿಗಳನ್ನಷ್ಟೇ ಹಿಡಿದುಕೊಳ್ಳುತ್ತದೆ ಎಂದು ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ 1956ರಲ್ಲಿ ಬರೆದರು. ಉದ್ದದ ಸಂಖ್ಯೆಯನ್ನು ತುಂಡು ಮಾಡಿದರೆ ಹೊರೆ ಇಳಿಯುತ್ತದೆ. ಎಮಿರೇಟ್ಸ್ ಐಡಿಯನ್ನೇ ನೋಡಿ. 15 ಅಂಕೆ ಎಂದು ಹೆದರುತ್ತೇವೆ. ಮೊದಲ ಮೂರು ಎಲ್ಲರಿಗೂ 784, ಅದು ಈ ದೇಶದ ಸಂಕೇತ ಸಂಖ್ಯೆ. ನಂತರದ ನಾಲ್ಕು ನೀವು ಹುಟ್ಟಿದ ಇಸವಿ. ಏಳು ಅಂಕೆ ಈಗಾಗಲೇ ನಿಮಗೆ ಗೊತ್ತು! ಉಳಿದದ್ದು ಎಂಟು. ಅದನ್ನು ಎರಡು ನಾಲ್ಕಾಗಿ ಮಾಡಿ, ದಿನಕ್ಕೊಂದು ತುಂಡು ಕಲಿತರೆ ಎರಡು ದಿನದ ಕೆಲಸ.

ಅಕ್ಷರದಲ್ಲಿ ಅಂಕೆ ಅಡಗಿಸುವುದು ನಮ್ಮ ಹಿರಿಯರಿಗೂ ಗೊತ್ತಿತ್ತು. 786 ಎಂದರೆ ಏನೆಂದು ನಿಮಗೆಲ್ಲ ತಿಳಿದಿದೆ. ಅರಬಿ ಅಕ್ಷರಗಳಿಗೆ ಬೆಲೆ ಕೊಡುವ ಅಬ್ಜದ್ ಪದ್ಧತಿಯಲ್ಲಿ ಬಿಸ್ಮಿಯ ಅಕ್ಷರಗಳನ್ನು ಕೂಡಿದರೆ ಬರುವ ಮೊತ್ತ ಅದು. ಇದೇ ಲೆಕ್ಕದಿಂದ ಕವಿಗಳು ಒಂದು ಘಟನೆಯ ಇಸವಿಯನ್ನು ಒಂದು ಮಾತಿನೊಳಗೆ ಇಡುತ್ತಿದ್ದರು. ನಮ್ಮ ನಾಡಿನಲ್ಲಿ ಇಂಥದ್ದೇ ಕಟಪಯಾದಿ ಪದ್ಧತಿ ಇತ್ತು. ಕದಿಂದ ಝ ತನಕ 1ರಿಂದ 9, ಟದಿಂದ ಧ ತನಕ 1ರಿಂದ 9, ಪದಿಂದ ಮ ತನಕ 1ರಿಂದ 5. ಯ ರ ಲ ವ ಶ ಷ ಸ ಹ ಳ ಮತ್ತೆ 1ರಿಂದ 9. ನ ಮತ್ತು ಞ ಸೊನ್ನೆ. ವರ್ಗದ ನಡುವಿನ ಙ 5, ಣ ಕೂಡ 5. ಕೊಂಬು ದೀರ್ಘಗಳಿಗೆ ಬೆಲೆಯಿಲ್ಲ. "ಹಳೆಯ ಬಾವಿ" ಎಂದರೆ 8, 9, 1, 3, 4. ಪಂಡಿತರು ಬಲದಿಂದ ಎಡಕ್ಕೆ ಓದುತ್ತಿದ್ದರು, ನಮ್ಮ ಬಳಕೆಗೆ ಎಡದಿಂದಲೇ ಸಾಕು. ಊರಿನ ಹತ್ತಂಕೆಯ ಮೊಬೈಲ್ ನಂಬರಿಗೆ ಐದೈದು ಅಕ್ಷರದ ಎರಡು ಮಾತು ಹುಡುಕಿ. ಬೇರೆಯವರ ಫೋನಿನಿಂದ ಕರೆಯುವಾಗ ಮುಂದೆ 0091 ಸೇರಿಸಲು ಮರೆಯಬೇಡಿ. ಬ್ಯಾಂಕ್ ಕಾರ್ಡಿನ ಪಿನ್‌ಗೂ ನಾಲ್ಕಕ್ಷರದ ಮಾತು ಕಟ್ಟಬಹುದು. ಆ ಮಾತು ನಿಮ್ಮ ತಲೆಯಲ್ಲಷ್ಟೇ ಇರಲಿ. ಪಿನ್ ಆಗಲಿ ಓಟಿಪಿ ಆಗಲಿ, ಬ್ಯಾಂಕಿನವರು, ಪೊಲೀಸರು ಎಂದು ಹೇಳಿಕೊಂಡು ಕರೆದವರಿಗೂ ಕೊಡಬೇಡಿ.

ತುರ್ತು ನಂಬರುಗಳು ಒಂದೊಂದೇ ಮೆಟ್ಟಿಲು ಇಳಿಯುತ್ತವೆ: ಪೊಲೀಸ್ 999, ಆಂಬುಲೆನ್ಸ್ 998, ಬೆಂಕಿ 997. ಮೊದಲು ಪೊಲೀಸ್, ಆಮೇಲೆ ಆಸ್ಪತ್ರೆ, ಕೊನೆಗೆ ಬೆಂಕಿ ಎಂದು ಮೂರು ಸಲ ಹೇಳಿಕೊಳ್ಳಿ.

ಅರಬಿ ಅಂಕೆಗಳಲ್ಲಿ ಬರೆದ ರಸೀದಿ ಕೈಗೆ ಬಂದರೆ ಇಷ್ಟು ನೆನಪಿಡಿ. ಅರಬಿ ಸೊನ್ನೆ ಬರೀ ಒಂದು ಚುಕ್ಕೆ. ನಮ್ಮ ಸೊನ್ನೆಯಂತೆ ದುಂಡಗೆ ಕಾಣುವುದು ಅವರ ಐದು. ಏಳು ಮೇಲಕ್ಕೆ ಬಾಯಿ ತೆರೆದಿರುತ್ತದೆ, ಎಂಟು ಹಂಚಿನ ಮನೆಯ ಮಾಡಿನಂತೆ ಇಳಿಜಾರಾಗಿರುತ್ತದೆ. ಇಂಗ್ಲಿಷಿನ 7ರಂತೆ ಕಾಣುವುದು ಅವರ ಆರು. ಹಣದ ವಿಷಯದಲ್ಲಿ ಮೋಸಹೋಗದಿರಲು ಈ ಐದು ಗುರುತು ಸಾಕು.

ಕೆಲಸಕ್ಕೆ ಕಟ್ಟಿದ ನೆನಪು

"ಎಂಟು ಗಂಟೆಗೆ ಮಾತ್ರೆ" ಎಂದರೆ ಮರೆಯುತ್ತದೆ, ಏಕೆಂದರೆ ಎಂಟು ಗಂಟೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ದಿನಾ ಮಾಡುವ ಕೆಲಸದ ಬಾಲಕ್ಕೆ ಅದನ್ನು ಕಟ್ಟಿ. ಫಜ್ರ್ ನಮಾಝ್ ಮುಗಿಸಿ ಬಂದು ಚಪ್ಪಲಿ ಬಿಟ್ಟ ಕೂಡಲೇ ಮಾತ್ರೆ. ನಮಗೆ ಐದು ಹೊತ್ತು ಎಂಬ ಐದು ಗಟ್ಟಿ ಗೂಟಗಳಿವೆ, ಏನನ್ನು ಬೇಕಾದರೂ ಅವಕ್ಕೆ ಕಟ್ಟಬಹುದು. ರಮಝಾನಿನಲ್ಲಿ ಮಾತ್ರೆಯ ಹೊತ್ತನ್ನು ಇಫ್ತಾರ್ ಮತ್ತು ಸಹರಿಗೆ ಬದಲಿಸುವ ಮೊದಲು ಮಾತ್ರ ಡಾಕ್ಟರರನ್ನು ಕೇಳಿ. ಸಕ್ಕರೆ ಕಾಯಿಲೆ, ಬಿಪಿ ಇರುವವರು ತಾವಾಗಿಯೇ ಬದಲಿಸಬಾರದು.

ಯಾವುದನ್ನು ತಲೆಗೆ ಬಿಡಬಾರದು?

ಇಷ್ಟೆಲ್ಲ ಹೇಳಿದ ಮೇಲೆ, ಲೆಕ್ಕ ಬರೆದು ಸಂಬಳ ತಿನ್ನುವವನಾಗಿ ಇನ್ನೊಂದು ಮಾತು ಹೇಳಲೇಬೇಕು. ನೆನಪು ಎಷ್ಟೇ ಗಟ್ಟಿಯಾಗಿರಲಿ, ಸಾಲವನ್ನು ನೆನಪಿನಲ್ಲಿ ಇಡಬೇಡಿ.

ಲಕ್ಷಾಂತರ ಜನ ಕಂಠಪಾಠ ಮಾಡಿರುವ ಪವಿತ್ರ ಕುರ್‌ಆನ್ ಸಾಲದ ವಿಷಯ ಬಂದಾಗ ಬರೆದಿಡಲು ಆಜ್ಞಾಪಿಸುತ್ತದೆ. ಸೂರಃ ಅಲ್ ಬಕರಃದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್. ಮದೀನಾ ಮುಸ್‌ಹಫ್‌ನ 48ನೇ ಪುಟವನ್ನು ಅದೊಂದೇ ತುಂಬಿದೆ. ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಅವಧಿ ಸಹಿತ ಬರೆಯಲು ಬೇಸರಪಡಬಾರದು, ಸಾಲ ಪಡೆದವನೇ ಹೇಳಿ ಬರೆಸಬೇಕು, ಸಾಕ್ಷಿಗಳಿರಬೇಕು ಎಂಬುದು ಅದರ ಸಾರ. ಸಾಕ್ಷಿಗಳೂ ಮರೆಯಬಹುದು ಎಂಬುದನ್ನು ಆ ಆಯತ್ ಲೆಕ್ಕಕ್ಕೆ ತೆಗೆದುಕೊಂಡಿದೆ. ಸಹಾಬಿಗಳ ದಾರಿಯೂ ಇದೇ. ಯಮಾಮಾ ಯುದ್ಧದಲ್ಲಿ ಕುರ್‌ಆನ್ ಬಲ್ಲ ಅನೇಕರು ಹುತಾತ್ಮರಾದಾಗ ಉಮರ್(ರ) ಅವರ ಸಲಹೆಯಂತೆ ಖಲೀಫ ಅಬೂಬಕರ್(ರ) ಅದನ್ನು ಒಂದೆಡೆ ಬರೆಸಿ ಸಂಗ್ರಹಿಸಿದರು. ಆ ಹೊಣೆ ಹೊತ್ತ ಝೈದ್ ಬಿನ್ ಸಾಬಿತ್(ರ) ಬರಹವನ್ನೂ ಎದೆಯ ಪಾಠವನ್ನೂ ತಾಳೆ ನೋಡಿದರು.

ಯಾಕೆ ಬರೆಯಬೇಕು? ನೆನಪು ಸುಳ್ಳು ಹೇಳದೆಯೇ ನಮ್ಮ ಕಡೆಗೆ ವಾಲುತ್ತದೆ. ಕೊಟ್ಟವನಿಗೆ 500 ಎಂದು ನೆನಪು, ಪಡೆದವನಿಗೆ 300. ಇಬ್ಬರೂ ಪ್ರಾಮಾಣಿಕರು, ಆದರೂ ಹತ್ತು ವರ್ಷದ ಸ್ನೇಹ ಮುರಿಯುತ್ತದೆ. ದಿರ್ಹಮ್ ಕೊಟ್ಟು ರೂಪಾಯಿಯಲ್ಲಿ ವಾಪಸ್ ಪಡೆಯುವಾಗ ಯಾವ ದಿನದ ರೇಟು ಎಂಬ ಜಗಳ ಇನ್ನೊಂದು. ಇದಕ್ಕಿಂತ ಗಂಭೀರವಾದದ್ದು ಸಾವು. ಪರದೇಶದಲ್ಲಿ ಒಬ್ಬ ಸಹೋದರ ಹಠಾತ್ತನೆ ತೀರಿಕೊಂಡರೆ ಅವನು ಯಾರಿಗೆ ಕೊಡಬೇಕಿತ್ತು, ಯಾರಿಂದ ಬರಬೇಕಿತ್ತು ಎಂಬುದೆಲ್ಲ ಅವನೊಂದಿಗೇ ಮಣ್ಣಾಗುತ್ತದೆ. ಊರಿನಲ್ಲಿರುವ ಅವನ ಹೆಂಡತಿಗೆ ಬರಬೇಕಾದ ಹಣ ಬರುವುದಿಲ್ಲ, ಅವನ ತಲೆಯ ಮೇಲಿನ ಋಣ ತೀರುವುದಿಲ್ಲ. ಮೃತನ ಮೇಲೆ ಸಾಲವಿದೆಯೇ ಎಂದು ವಿಚಾರಿಸಿ, ಅಬೂ ಕತಾದ(ರ) ಅದನ್ನು ವಹಿಸಿಕೊಂಡ ಮೇಲೆಯೇ ಪ್ರವಾದಿ(ಸ) ಜನಾಝ ನಮಾಝ್ ನಿರ್ವಹಿಸಿದ ಘಟನೆ ನಮಗೆಲ್ಲ ಗೊತ್ತು. ನಮಗೆ ಬೇಕಾದದ್ದು ನಮ್ಮ ತಲೆಯಲ್ಲಿರಬಹುದು. ಇನ್ನೊಬ್ಬರ ಹಕ್ಕು ಮಾತ್ರ ಕಾಗದದಲ್ಲೇ ಇರಬೇಕು.

ದೊಡ್ಡ ಲೆಡ್ಜರ್ ಬೇಡ. ಎರಡು ದಿರ್ಹಮ್‌ನ ನೋಟ್‌ಬುಕ್ ಸಾಕು. ಹೆಸರು, ದಿನಾಂಕ, ಮೊತ್ತ, ದಿರ್ಹಮೋ ರೂಪಾಯಿಯೋ, ಹಿಂತಿರುಗಿಸುವ ದಿನ, ಇಬ್ಬರ ಸಹಿ. ಆ ಪುಟದ ಫೋಟೋ ತೆಗೆದು ಊರಿಗೆ ಕಳಿಸಿ. ರೂಮಿನ ಮೆಸ್ ಲೆಕ್ಕ, ಚೀಟಿ ಹಣ, ಅಮಾನತ್ತಾಗಿ ಇಟ್ಟುಕೊಂಡದ್ದು, ಝಕಾತ್‌ನ ಬಾಕಿ, ಕಝಾ ಆದ ಉಪವಾಸಗಳ ಎಣಿಕೆ ಎಲ್ಲವೂ ಅದರಲ್ಲಿರಲಿ. ಮೆಸ್ ಲೆಕ್ಕ ತಾಳೆಯಾಗದಿದ್ದರೆ ನಮ್ಮ ಕಸುಬಿನ ಉಪಾಯ ಒಂದಿದೆ. ಎರಡು ಮೊತ್ತಗಳ ವ್ಯತ್ಯಾಸ 9ರಿಂದ ಸರಿಯಾಗಿ ಭಾಗವಾಗುತ್ತದೆಯೇ ನೋಡಿ. ಆದರೆ, ಎಲ್ಲೋ ಎರಡು ಅಂಕೆ ಅದಲುಬದಲಾಗಿರುವ ಸಂಭವ ಹೆಚ್ಚು. 1,540 ಎಂದು ಬರೆಯುವಲ್ಲಿ 1,450 ಬರೆದರೆ ವ್ಯತ್ಯಾಸ 90. ಯಾರನ್ನೂ ಸಂಶಯಿಸುವ ಮೊದಲು ಇದನ್ನು ಪರೀಕ್ಷಿಸಿ.

ಈ ತಿಂಗಳ ಅಭ್ಯಾಸ

ರಮಝಾನಿನಲ್ಲಿ ಕೆಲಸದ ಅವಧಿ ದಿನಕ್ಕೆ 2 ಗಂಟೆ ಕಡಿಮೆ. ಅದರಲ್ಲಿ 15 ನಿಮಿಷ ಇದಕ್ಕೆ ಕೊಡಿ.

ಮೊದಲ ಹತ್ತು: ಮನೆಯವರ ನಂಬರ್, ಇಲ್ಲಿನ ಒಬ್ಬ ಗೆಳೆಯನ ನಂಬರ್, ಎಮಿರೇಟ್ಸ್ ಐಡಿ, ಮೂರು ತುರ್ತು ನಂಬರ್. ಕಲಿತ ದಿನ ರಾತ್ರಿ ಒಮ್ಮೆ, ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ನೋಡದೆ ಹೇಳಿ.

ಎರಡನೇ ಹತ್ತು: ಊರಿನ ಮನೆಯಲ್ಲಿ ಏಳು ಜಾಗ ಗುರುತಿಸಿ, ದಿನದ ಕೆಲಸಗಳನ್ನು ಅಲ್ಲಿ ಇಟ್ಟು ನೋಡಿ. ಒಂದು ಸಣ್ಣ ಸೂರಃ ಹೊಸದಾಗಿ ಕಲಿಯಿರಿ, ಒಂದೇ ಮುಸ್‌ಹಫ್‌ನಲ್ಲಿ, ಪುಟದ ಜಾಗವನ್ನು ಗಮನಿಸುತ್ತಾ. ರೂಮಿನ ಗೆಳೆಯನಿಗೆ ಒಪ್ಪಿಸಿ, ಅವನದ್ದನ್ನು ನೀವು ಕೇಳಿಸಿಕೊಳ್ಳಿ.

ಕೊನೆಯ ಹತ್ತು: ಕೊಡಬೇಕಾದದ್ದು, ಬರಬೇಕಾದದ್ದು ಎಲ್ಲವನ್ನೂ ನೋಟ್‌ಬುಕ್ಕಿಗೆ ಇಳಿಸಿ. ಸಂಬಂಧಪಟ್ಟವರನ್ನು ಕೂರಿಸಿಕೊಂಡು ತಾಳೆ ನೋಡಿ, ಸಹಿ ಹಾಕಿಸಿ. ಪೆರ್ನಾಳಿನ ಚಂದ್ರ ಕಾಣುವ ಮೊದಲು ಫೋಟೋ ಊರಿಗೆ ತಲುಪಿರಲಿ.

ಓದಲು ಬಾರದ ಸಹೋದರರು ನಿಮ್ಮ ರೂಮಿನಲ್ಲಿದ್ದರೆ ಅವರ ಪುಟವನ್ನು ನೀವು ಬರೆದುಕೊಡಿ, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿ. ಮನೆಯ ನಂಬರನ್ನು ಅವರಿಗೆ ಬಾಯಿಪಾಠ ಮಾಡಿಸಿ. ಬರೆಯಲು ಬಲ್ಲವನು ಬರೆದುಕೊಡಲು ಹಿಂಜರಿಯಬಾರದು ಎಂಬುದೂ ಅದೇ ಆಯತ್‌ನ ಪಾಠ.

ಅಲ್ಲಾಹನು ನಮ್ಮ ನೆನಪಿನಲ್ಲಿ ಬರಕತ್ತನ್ನೂ ನಮ್ಮ ಲೆಕ್ಕದಲ್ಲಿ ಪ್ರಾಮಾಣಿಕತೆಯನ್ನೂ ಕರುಣಿಸಲಿ. ಆಮೀನ್.